ಮೊದಲು ನೋಟ, ಆಮೇಲೆ ಚಿತ್ರ, ಕೊನೆಗೆ ಕಥೆ: ಮಕ್ಕಳಿಗೆ ಕೀಟಗಳನ್ನು ಕಲಿಸುವ ಸಮಗ್ರ ಮಾರ್ಗದರ್ಶಿ

ಕೀಟಗಳ ಬಗ್ಗೆ ಒಂದು ಕಥೆ ಹೇಳಿ, ಚಿಟ್ಟೆಯ ಅಚ್ಚುಚಿತ್ರವನ್ನು ಕೈಗೆ ಕೊಟ್ಟು ಬಣ್ಣ ತುಂಬಿಸಿದ ಮೇಲೂ, ಮುಂದಿನ ವಾರ "ಒಂದು ಇರುವೆ ಬರೆ" ಎಂದರೆ ಮಕ್ಕಳು ನಾಲ್ಕು ಕಾಲಿನ, ನಗುಮುಖದ, ಹೊಟ್ಟೆಯಿಂದ ಕಾಲು ಹೊರಟ ಪ್ರಾಣಿಯೊಂದನ್ನು ಬರೆದುಕೊಡುತ್ತಾರೆ. ಶಿಕ್ಷಕರೂ ಪೋಷಕರೂ ನನ್ನಲ್ಲಿ ಮತ್ತೆ ಮತ್ತೆ ಹೇಳಿಕೊಳ್ಳುವ ತೊಂದರೆ ಇದೇ. ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ತಪ್ಪಿರುವುದು ಕೆಲಸದ ಕ್ರಮದಲ್ಲಿ. ಕಥೆ ಮೊದಲು ಬಂದರೆ ಮಗು ಕಥೆಯಲ್ಲಿದ್ದ ಹುಳುವನ್ನು ನೆನಪಿಟ್ಟುಕೊಳ್ಳುತ್ತದೆ, ಗಿಡದ ಮೇಲಿನ ಹುಳುವನ್ನು ಮಾತ್ರ ನೋಡುವುದೇ ಇಲ್ಲ. ಅಚ್ಚುಚಿತ್ರ ಕೊಟ್ಟರೆ ಗೆರೆಯೊಳಗೆ ಬಣ್ಣ ನಿಲ್ಲಿಸುವುದನ್ನು ಕಲಿಯುತ್ತದೆ, ಕಾಲು ಎಲ್ಲಿಂದ ಹೊರಡುತ್ತದೆ ಎಂಬುದನ್ನು ಕಲಿಯುವುದಿಲ್ಲ.

ಈ ಮಾರ್ಗದರ್ಶಿಯನ್ನು 6ರಿಂದ 10 ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಹತ್ತು ಕೀಟಗಳನ್ನು ಹತ್ತು ದಿನದಲ್ಲಿ ಪರಿಚಯಿಸುವ ಬದಲು ಒಂದೇ ಕೀಟವನ್ನು ನಾಲ್ಕು ವಾರ ಹಿಂಬಾಲಿಸುವುದು ಇಲ್ಲಿಯ ವಿಧಾನ. ಆ ಕೀಟ ನಿಂಬೆ ಚಿಟ್ಟೆ, ಅದರ ಮನೆ ನಮ್ಮ ಹಿತ್ತಲಿನ ಕರಿಬೇವಿನ ಗಿಡ.

ಬೇಕಾಗುವ ಸಾಮಗ್ರಿ

ಗೆರೆಯಿಲ್ಲದ ಹಾಳೆಗಳ ಒಂದು ಪುಸ್ತಕ, ಚೂಪು ಮಾಡಿದ ಪೆನ್ಸಿಲ್, ಒಂದು ಭೂತಗನ್ನಡಿ, ಅಗಲ ಬಾಯಿಯ ಒಂದು ಗಾಜಿನ ಅಥವಾ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ, ಅದರ ಬಾಯಿಗೆ ಕಟ್ಟಲು ತೆಳುವಾದ ಹಳೆಯ ಪಂಚೆಯ ತುಂಡು ಮತ್ತು ರಬ್ಬರ್ ಬ್ಯಾಂಡ್, ಹುಳುವನ್ನು ಮೆಲ್ಲಗೆ ಎತ್ತಲು ಮೃದುವಾದ ಸಣ್ಣ ಕುಂಚ, ಜೇಡಿಮಣ್ಣು, ತೆಂಗಿನ ಪೊರಕೆಯ ಕಡ್ಡಿಗಳು, ಹಳೆಯ ಮದುವೆ ಕರೆಯೋಲೆಗಳ ದಪ್ಪ ಕಾಗದ, ಸಣ್ಣ ಅಳತೆಪಟ್ಟಿ. ಬಣ್ಣಗಳನ್ನು ಎರಡನೆಯ ವಾರದವರೆಗೆ ಹೊರಗೆ ತೆಗೆಯಬೇಡಿ. ರಬ್ಬರನ್ನಂತೂ ಕೊಡಲೇಬೇಡಿ, ಏಕೆಂದರೆ ಅಳಿಸುತ್ತ ಕುಳಿತ ಮಗು ಹಾಳೆಯನ್ನು ನೋಡುತ್ತದೆಯೇ ಹೊರತು ಹುಳುವನ್ನಲ್ಲ. ತಪ್ಪಾದ ಗೆರೆಯ ಪಕ್ಕದಲ್ಲೇ ಇನ್ನೊಂದು ಗೆರೆ ಎಳೆಯಲಿ.

ಹಂತ 1: ಸರಿಯಾದ ಗಿಡ ಮತ್ತು ಸರಿಯಾದ ಹುಳುವನ್ನು ಆರಿಸಿಕೊಳ್ಳುವುದು

ಮಳೆ ಬಿದ್ದು ಕರಿಬೇವು ಚಿಗುರಿದ ಮೇಲೆ ಕೆಲಸ ಆರಂಭಿಸಿ. ನಿಂಬೆ ಚಿಟ್ಟೆ ಎಳೆಯ ಚಿಗುರೆಲೆಗಳ ಮೇಲೆ ಮೊಟ್ಟೆಗಳನ್ನು ಒಂದೊಂದಾಗಿ ಇಡುತ್ತದೆ. ಮೊಟ್ಟೆ ತಿಳಿಹಳದಿ ಬಣ್ಣದ್ದು, ದುಂಡಗೆ, ಸುಮಾರು 1 ಮಿಲಿಮೀಟರ್ ಅಗಲ, ಅಂದರೆ ಒಂದು ಗಸಗಸೆ ಕಾಳಿನಷ್ಟು. ಮೊಟ್ಟೆ ಸಿಗದಿದ್ದರೆ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ, ಕಪ್ಪು ಕಂದು ಮೈಯಲ್ಲಿ ಬಿಳಿಯ ಮಚ್ಚೆಯಿರುವ ವಸ್ತುವನ್ನು ಹುಡುಕಿ. ಅದು ಹಿಕ್ಕೆಯಲ್ಲ, ಎಳೆಯ ಮರಿಹುಳು. ಅದೇ ಹುಳು ನಾಲ್ಕನೆಯ ಬಾರಿ ಪೊರೆ ಕಳಚಿದ ಮೇಲೆ ಎಲೆಹಸಿರು ಬಣ್ಣಕ್ಕೆ ತಿರುಗುತ್ತದೆ. ಕರಿಬೇವಿನ ಮೇಲೆ ಇದರ ಹತ್ತಿರದ ಸಂಬಂಧಿಯಾದ ಕಾಮನ್ ಮಾರ್ಮನ್ ಚಿಟ್ಟೆಯ ಹುಳುವೂ ಸಿಗಬಹುದು. ಎಳೆಯದರಲ್ಲಿ ಎರಡೂ ಹೆಚ್ಚು ಕಡಿಮೆ ಒಂದೇ ಬಗೆ. ಯಾವುದಾದರೂ ಪಾಠಕ್ಕೆ ತೊಂದರೆಯಿಲ್ಲ.

ಇದೇ ಹುಳುವನ್ನು ಆರಿಸಿದ್ದಕ್ಕೆ ಕಾರಣಗಳಿವೆ. ಎಕ್ಕದ ಗಿಡದ ಮೇಲೆ ಬೆಳೆಯುವ ಚಿಟ್ಟೆಯ ಹುಳು ಕಪ್ಪು, ಬಿಳಿ, ಹಳದಿ ಪಟ್ಟೆಗಳಿಂದ ಬಹಳ ಚೆಂದವಾಗಿದ್ದರೂ ಎಕ್ಕದ ಹಾಲು ಮಕ್ಕಳ ಕಣ್ಣಿಗೆ ಬಿದ್ದರೆ ಅಪಾಯ. ಇನ್ನೊಂದು ಚಿಟ್ಟೆಯ ಹುಳು ಸಿಗುವ ಕಣಗಿಲೆಯಂತೂ ಗಿಡವೇ ವಿಷ. ಮೇಲಾಗಿ, ಎಕ್ಕದ ಚಿಟ್ಟೆಯ ಮುಂದಿನ ಎರಡು ಕಾಲುಗಳು ಕುಗ್ಗಿ ಎದೆಗೆ ಅಂಟಿಕೊಂಡಿರುವುದರಿಂದ ಅದು ನಾಲ್ಕೇ ಕಾಲಿನ ಮೇಲೆ ನಿಲ್ಲುತ್ತದೆ. ಆರು ಕಾಲಿನ ಪಾಠ ಹೇಳಲು ಹೊರಟವರಿಗೆ ಮೊದಲ ದಿನವೇ ಸಂಕಟ. ನಿಂಬೆ ಚಿಟ್ಟೆ ಆರು ಕಾಲನ್ನೂ ಊರಿ ನಿಲ್ಲುತ್ತದೆ, ಮಕ್ಕಳು ಎಣಿಸಬಹುದು.

ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ, ನಾನೂ ಮಾಡಿದ್ದೇನೆ. ಗಿಡದ ಎಲೆ ಮುಗಿಯಿತೆಂದು ಮಾರುಕಟ್ಟೆಯಿಂದ ಒಂದು ಕಟ್ಟು ಕರಿಬೇವು ತಂದು ಮೂರು ಹುಳುಗಳಿಗೆ ಹಾಕಿದೆ. ಸಂಜೆಯ ಹೊತ್ತಿಗೆ ಮೂರೂ ಮೈಮುರಿದುಕೊಂಡು, ಬಾಯಿಂದ ಹಸಿರು ನೀರು ಬಿಡುತ್ತ ಸತ್ತವು. ಎಲೆಗೆ ಕೀಟನಾಶಕ ಸಿಂಪಡಿಸಿದ್ದಿರಬೇಕು. ಎಂಟು ವರ್ಷದ ಹುಡುಗನೊಬ್ಬ ಆ ಡಬ್ಬಿಯ ಮುಂದೆ ಕುಳಿತು ಅತ್ತದ್ದು ನನಗಿನ್ನೂ ಮರೆತಿಲ್ಲ. ಮೊಟ್ಟೆ ಸಿಕ್ಕಿದ ಗಿಡದ ಎಲೆಯನ್ನೇ ಕೊನೆಯವರೆಗೆ ಬಳಸಿ. ಚಿಕ್ಕ ಗಿಡವಾದರೆ ಎರಡೇ ಹುಳು ಸಾಕಿ.

ಹಂತ 2: ಮುಟ್ಟುವ ಮತ್ತು ಮುಟ್ಟದಿರುವ ನಿಯಮಗಳು

ಮಕ್ಕಳನ್ನು ಗಿಡದ ಬಳಿಗೆ ಕರೆದೊಯ್ಯುವ ಮೊದಲೇ ಈ ನಿಯಮಗಳನ್ನು ಹೇಳಿ, ಅವರಿಂದಲೇ ಒಮ್ಮೆ ಹೇಳಿಸಿ. ಮೈಮೇಲೆ ರೋಮವಿರುವ ಯಾವ ಕಂಬಳಿಹುಳುವನ್ನೂ ಮುಟ್ಟಬಾರದು. ರೋಮ ಚುಚ್ಚಿದರೆ ಉಜ್ಜದೆ, ಅಂಟುಪಟ್ಟಿ ಒತ್ತಿ ಎಬ್ಬಿಸಿ ರೋಮಗಳನ್ನು ತೆಗೆದು, ಆಮೇಲೆ ಸಾಬೂನು ಹಾಕಿ ತೊಳೆಯಬೇಕು. ಹೆಜ್ಜೇನಿನ ತಟ್ಟಿ ಇರುವ ಮರ ಅಥವಾ ಕಟ್ಟಡದ ಹತ್ತಿರ ಈ ಪಾಠವೇ ಬೇಡ. ಜೇನು ಅಥವಾ ಕಣಜ ಕಚ್ಚಿದ ಮಗುವಿನ ತುಟಿ, ಮುಖ ಊದಿಕೊಂಡರೆ, ಮೈಯೆಲ್ಲ ದದ್ದು ಎದ್ದರೆ ಅಥವಾ ಉಸಿರಾಟ ಕಷ್ಟವಾದರೆ ಮನೆಮದ್ದು ಮಾಡುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ನಿಯಮ ಹುಳುವಿನ ಪರವಾಗಿ. ಮಕ್ಕಳು ಏರೋಪ್ಲೇನ್ ಚಿಟ್ಟೆ ಎಂದು ಕರೆಯುವ ಕೊಡತಿಹುಳುವಿನ ಬಾಲಕ್ಕೆ ದಾರ ಕಟ್ಟಿ ಹಾರಿಸುವ ಆಟ ನಮ್ಮಲ್ಲಿ ಹಲವು ತಲೆಮಾರಿನಿಂದ ಇದೆ. ಗದರಿದರೆ ಆ ಆಟ ನಿಮ್ಮ ಬೆನ್ನ ಹಿಂದೆ ನಡೆಯುತ್ತದೆ. ಬದಲಿಗೆ, ಅದು ಹಾರುತ್ತಲೇ ಸೊಳ್ಳೆ ಹಿಡಿಯುವುದನ್ನು ಒಂದು ಸಂಜೆ ಅಂಗಳದಲ್ಲಿ ನಿಂತು ತೋರಿಸಿ. ಬಳಿಕ ದಾರ ಕಟ್ಟಲು ಅವರಿಗೇ ಮನಸ್ಸು ಬಾರದು.

ಹಂತ 3: ಹೆಸರು ಹೇಳದೆ ನೋಡಿಸುವುದು

ಇಡೀ ಮಾರ್ಗದರ್ಶಿಯಲ್ಲಿ ದೊಡ್ಡವರು ಅತಿ ಹೆಚ್ಚು ಸೋಲುವುದು ಈ ಹಂತದಲ್ಲಿ, ಏಕೆಂದರೆ ಇಲ್ಲಿ ಸುಮ್ಮನಿರಬೇಕು. ಕಣ್ಣಳತೆಯಲ್ಲಿ ಹುಳು ಕಾಣುವಂತೆ ಮಕ್ಕಳನ್ನು ಕೂರಿಸಿ, ಹತ್ತು ನಿಮಿಷ ಬರಿದೇ ನೋಡಲು ಬಿಡಿ. ಹುಳುವಿನ ಹೆಸರನ್ನು ಹೇಳಬೇಡಿ. ಹೆಸರು ಗೊತ್ತಾದ ಕೂಡಲೇ ಮಗುವಿಗೆ ಎಲ್ಲವೂ ಗೊತ್ತಾದಂತೆನಿಸಿ ಕಣ್ಣು ಬೇರೆಡೆಗೆ ಹೊರಳುತ್ತದೆ. ಹತ್ತು ನಿಮಿಷದ ನಂತರ ಮೂರೇ ಪ್ರಶ್ನೆ ಕೇಳಿ: ಎಷ್ಟಿವೆ, ಎಲ್ಲಿಂದ ಹೊರಟಿವೆ, ಯಾವುದು ಮೊದಲು ಅಲುಗಾಡಿತು?

ಹೆಸರಿನ ವಿಷಯದಲ್ಲಿ ನಮ್ಮ ನುಡಿಯ ಒಂದು ತೊಡಕನ್ನೂ ನೆನಪಿಡಬೇಕು. ಜೀರುಂಡೆ ಎಂಬ ಮಾತು ಕೆಲವು ಕಡೆ ಮಲೆನಾಡಿನ ಮರಗಳಲ್ಲಿ ಕಿವಿಗಡಚಿಕ್ಕುವಂತೆ ಕೂಗುವ ಕೀಟಕ್ಕೆ, ಕೆಲವು ಕಡೆ ಗಟ್ಟಿ ಚಿಪ್ಪಿನ ದುಂಬಿಯಂಥ ಕೀಟಕ್ಕೆ ಸಲ್ಲುತ್ತದೆ. ಬಯಲುಸೀಮೆಯ ಮಗುವಿಗೆ ಚಿಟ್ಟೆಯಾದದ್ದು ಉತ್ತರ ಕರ್ನಾಟಕದ ಮಗುವಿಗೆ ಪಾತರಗಿತ್ತಿ. ಬಿಳಿ ಇರುವೆ ಎಂದು ಕರೆಸಿಕೊಳ್ಳುವ ಗೆದ್ದಲು ಇರುವೆಯೇ ಅಲ್ಲ, ಅದು ಜಿರಲೆಯ ಹತ್ತಿರದ ಬಳಗಕ್ಕೆ ಸೇರಿದ್ದು. ಮಗು ಮನೆಯಲ್ಲಿ ಬಳಸುವ ಹೆಸರನ್ನು ತಿದ್ದಬೇಡಿ. ಹಾಳೆಯ ಮೇಲೆ ಆ ಹೆಸರನ್ನೂ ಬರೆಸಿ, ಪಕ್ಕದಲ್ಲಿ ಪುಸ್ತಕದ ಹೆಸರನ್ನೂ ಬರೆಸಿ.

ಮರಿಹುಳುವನ್ನು ನೋಡುವಾಗ ತರಗತಿಯಲ್ಲಿ ಒಬ್ಬರಾದರೂ ಈ ಆಕ್ಷೇಪ ಎತ್ತಿಯೇ ಎತ್ತುತ್ತಾರೆ: "ಇದಕ್ಕೆ ಹದಿನಾರು ಕಾಲಿದೆ, ಹಾಗಾದರೆ ಇದು ಕೀಟವಲ್ಲ." ಈ ಮಾತು ಬಂದ ದಿನ ನಿಮ್ಮ ಪಾಠ ಗೆದ್ದಿತೆಂದು ತಿಳಿಯಿರಿ. ಉತ್ತರವನ್ನು ಬಾಯಲ್ಲಿ ಹೇಳದೆ ಭೂತಗನ್ನಡಿಯನ್ನು ಆ ಮಗುವಿನ ಕೈಗೇ ಕೊಡಿ. ತಲೆಯ ಹಿಂದಿರುವ ಮೂರು ಜೊತೆ ಕಾಲುಗಳು ಚೂಪಾಗಿ, ಗೆಣ್ಣು ಗೆಣ್ಣಾಗಿ ಇವೆ. ಹಿಂದಿನ ಐದು ಜೊತೆಗಳು ಗೆಣ್ಣಿಲ್ಲದ ಮೆತ್ತನೆಯ ತೊಟ್ಟುಗಳು. ಅವುಗಳ ತುದಿಯಲ್ಲಿರುವ ಸಣ್ಣ ಕೊಕ್ಕೆಗಳಿಂದ ಹುಳು ಎಲೆಯನ್ನು ಕಚ್ಚಿ ಹಿಡಿಯುತ್ತದೆ. ಚಿಟ್ಟೆಯಾಗುವಾಗ ಹಿಂದಿನ ಹತ್ತೂ ಇಲ್ಲವಾಗಿ ಮುಂದಿನ ಆರೇ ಉಳಿಯುತ್ತವೆ. ಇದನ್ನು ಮಗು ತಾನೇ ಕಂಡುಕೊಂಡರೆ ಮುಂದೆ ಎಂದೂ ಮರೆಯುವುದಿಲ್ಲ.

ಕುಂಚದ ತುದಿಯಿಂದ ದೊಡ್ಡ ಹುಳುವಿನ ಬೆನ್ನನ್ನು ಒಮ್ಮೆ, ಒಂದೇ ಒಂದು ಸಲ, ಮೆಲ್ಲಗೆ ಸೋಕಿಸಿ ತೋರಿಸಬಹುದು. ತಲೆಯ ಹಿಂದಿನಿಂದ ಕವಲೊಡೆದ ಕೇಸರಿಗೆಂಪು ಕೊಂಬೊಂದು ಚಿಮ್ಮಿ ಬರುತ್ತದೆ, ಜೊತೆಗೆ ಘಾಟು ವಾಸನೆ ಹರಡುತ್ತದೆ. ವೈರಿಯನ್ನು ಓಡಿಸಲು ಹುಳುವಿಗಿರುವ ಆಯುಧ ಅದು. ಮಕ್ಕಳು ಮತ್ತೊಮ್ಮೆ, ಮಗದೊಮ್ಮೆ ಎಂದು ಕೇಳುತ್ತಾರೆ, ಒಪ್ಪಬೇಡಿ. ಪದೇ ಪದೇ ಕೆಣಕಿದ ಹುಳು ತಿನ್ನುವುದನ್ನು ಬಿಟ್ಟು ಸೊರಗುತ್ತದೆ.

ಹಂತ 4: ಚಿತ್ರ ಬರೆಯುವ ಕ್ರಮ

ಮರಿಹುಳುವಿನ ಚಿತ್ರವನ್ನು ದಿನವೂ ಬರೆಸುತ್ತಲೇ, ಬೆಳೆದ ಕೀಟದ ಮೈಕಟ್ಟು ಕಲಿಯಲು ನೆಲದ ಮೇಲೆ ಹರಿದಾಡುವ ದೊಡ್ಡ ಕಪ್ಪಿರುವೆಯನ್ನು ಆರಿಸಿಕೊಳ್ಳಿ. ಒಂದು ಸಕ್ಕರೆ ಹರಳಿಟ್ಟರೆ ಅದು ಸ್ವಲ್ಪ ಹೊತ್ತು ನಿಲ್ಲುತ್ತದೆ. ಚಿತ್ರವನ್ನು ಮಗು ಸಾಮಾನ್ಯವಾಗಿ ಕಣ್ಣಿನಿಂದ ಆರಂಭಿಸುತ್ತದೆ. ಆಗ ಅದು ಮುಖವಾಗುತ್ತದೆ, ಮುಖಕ್ಕೆ ಬಾಯಿ ಬರುತ್ತದೆ, ಬಾಯಿ ನಗುತ್ತದೆ. ಅದನ್ನು ತಪ್ಪಿಸಲು ಈ ಕ್ರಮವನ್ನು ಬಿಡದೆ ಪಾಲಿಸಿ.

ಮೊದಲು ತಲೆ, ಎದೆ, ಹೊಟ್ಟೆ ಎಂಬ ಮೂರು ಭಾಗಗಳನ್ನು ತೆಳುವಾದ ಮೂರು ಮೊಟ್ಟೆಯಾಕಾರಗಳಾಗಿ ಎಳೆಸಿ, ಯಾವುದು ದೊಡ್ಡದು ಯಾವುದು ಚಿಕ್ಕದು ಎಂದು ಹುಳುವನ್ನು ನೋಡಿಯೇ ತೀರ್ಮಾನಿಸಲಿ. ಎರಡನೆಯದಾಗಿ ನಡುವಿನ ಭಾಗದ ಮೇಲೆ ಆರು ಚುಕ್ಕೆ ಇಡಿಸಿ, ಒಂದೊಂದು ಚುಕ್ಕೆಯಿಂದ ಒಂದೊಂದು ಕಾಲು ಹೊರಡಲಿ. ಚುಕ್ಕೆ ಇಡದೆ ಕಾಲೆಳೆದ ಮಕ್ಕಳಲ್ಲಿ ಹೆಚ್ಚಿನವರು ಕಾಲನ್ನು ಹೊಟ್ಟೆಗೇ ಅಂಟಿಸುತ್ತಾರೆ. ಮೂರನೆಯದಾಗಿ ಪ್ರತಿ ಕಾಲನ್ನೂ ಒಂದೇ ಗೆರೆಯಲ್ಲಿ ಮುಗಿಸದೆ ಮಡಿಕೆ ಎಲ್ಲೆಲ್ಲಿದೆಯೋ ಅಲ್ಲಲ್ಲಿ ನಿಲ್ಲಿಸಿ ಮುಂದುವರಿಸಲಿ. ರೆಕ್ಕೆಯ ಕೀಟವಾದರೆ ರೆಕ್ಕೆಗಳೂ ಎದೆಯಿಂದಲೇ ಹೊರಡಬೇಕು. ಮೀಸೆ ಮತ್ತು ಕಣ್ಣು ಎಲ್ಲಕ್ಕಿಂತ ಕೊನೆಗೆ.

ದೊಡ್ಡದಾಗಿ ಬರೆದ ಚಿತ್ರದ ಕೆಳಗೆ ಹುಳುವಿನ ನಿಜವಾದ ಉದ್ದದಷ್ಟೇ ಒಂದು ಗೆರೆ ಎಳೆಸಿ, ಮಿಲಿಮೀಟರ್‌ನಲ್ಲಿ ಅಳತೆ ಮತ್ತು ದಿನಾಂಕ ಬರೆಸಿ. ಈ ಗೆರೆಗೆ ನಾನು ಬಹಳ ಬೆಲೆ ಕೊಡುತ್ತೇನೆ. ಮೂರನೆಯ ದಿನ 6, ಏಳನೆಯ ದಿನ 15, ಹನ್ನೆರಡನೆಯ ದಿನ 35 ಎಂಬಂತೆ ಬೆಳೆಯುತ್ತ ಹೋಗುವ ಗೆರೆಗಳನ್ನು ಒಂದರ ಕೆಳಗೊಂದು ಕಂಡ ಮಗುವಿಗೆ, ತಿನ್ನುವುದೇ ಮರಿಹುಳುವಿನ ಕಸುಬು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಚಿಟ್ಟೆಯ ರೆಕ್ಕೆಯ ಸಮತೆಯನ್ನು ಕಲಿಸಲು ಚುಕ್ಕಿ ರಂಗೋಲಿಗಿಂತ ಒಳ್ಳೆಯ ದಾರಿಯನ್ನು ನಾನು ಕಂಡಿಲ್ಲ. ನಡುವೆ ಒಂದು ನೇರ ಸಾಲು ಚುಕ್ಕಿ ಇಟ್ಟು, ಎಡಗಡೆ ಎಷ್ಟು ಚುಕ್ಕಿ ದಾಟಿ ಗೆರೆ ತಿರುಗಿತೋ ಬಲಗಡೆಯೂ ಅಷ್ಟೇ ದಾಟಿ ತಿರುಗಿಸಬೇಕು. ಆದರೆ ಮನೆಯಂಗಳದ ರಂಗೋಲಿ ಚಿಟ್ಟೆಗೆ ಹಲವು ಸಲ ಎರಡೇ ರೆಕ್ಕೆ ಇರುತ್ತದೆ, ಅದೂ ಹೊಟ್ಟೆಯ ಉದ್ದಕ್ಕೂ ಅಂಟಿಕೊಂಡಿರುತ್ತದೆ. ಮುಂದಿನ ಜೊತೆ, ಹಿಂದಿನ ಜೊತೆ ಎಂದು ನಾಲ್ಕನ್ನೂ ಬೇರೆ ಬೇರೆ ಎಳೆಸಿ. ಹಾಳೆಯ ಒಂದು ಬದಿಗೆ ಬಣ್ಣ ಹಚ್ಚಿ ಮಡಿಚಿ ಒತ್ತುವ ಪ್ರಸಿದ್ಧ ವಿಧಾನವೂ ಇದೇ ತಪ್ಪನ್ನು ಕಲಿಸುತ್ತದೆ. ಅದನ್ನು ಆಟವಾಗಿ ಇಟ್ಟುಕೊಳ್ಳಿ, ಪಾಠವಾಗಿ ಬೇಡ.

ಹಂತ 5: ಜೇಡಿಮಣ್ಣು, ಪೊರಕೆಕಡ್ಡಿ ಮತ್ತು ನಡಿಗೆ

ಮೂರು ಮಣ್ಣಿನುಂಡೆಗಳನ್ನು ಒಂದಕ್ಕೊಂದು ಸೇರಿಸಿ, ಆರು ಕಡ್ಡಿಗಳನ್ನು ನಡುವಿನ ಉಂಡೆಗೆ ಚುಚ್ಚಿ, ಗೊಂಬೆ ನಿಲ್ಲುವಂತೆ ಮಾಡುವುದು ಇಲ್ಲಿಯ ಕೆಲಸ. ಕಡ್ಡಿಗಳನ್ನು ಕಡೆಯ ಉಂಡೆಗೆ ಚುಚ್ಚಿದ ಗೊಂಬೆ ಮೂತಿ ಕೆಳಗೆ ಮಾಡಿ ಬೀಳುತ್ತದೆ, ಹಾಗೆ ಬೀಳಲಿ. ಮಣ್ಣು ತೀರ ನೀರಾಗಿದ್ದರೆ ಸರಿಯಾಗಿ ಚುಚ್ಚಿದ ಗೊಂಬೆಯೂ ಕುಸಿದು ಮಗು ತಪ್ಪು ತೀರ್ಮಾನಕ್ಕೆ ಬರುತ್ತದೆ. ಚಪಾತಿ ಹಿಟ್ಟಿನ ಹದಕ್ಕಿಂತ ತುಸು ಗಟ್ಟಿಯಾಗಿರಬೇಕು.

ಗೊಂಬೆ ನಿಂತ ಮೇಲೆ ನಡಿಗೆ. ಕೀಟ ಸಾಮಾನ್ಯವಾಗಿ ಎಡಗಡೆಯ ಮುಂದಿನ ಮತ್ತು ಹಿಂದಿನ ಕಾಲು ಹಾಗೂ ಬಲಗಡೆಯ ನಡುವಿನ ಕಾಲನ್ನು ಒಟ್ಟಿಗೆ ಎತ್ತುತ್ತದೆ. ಉಳಿದ ಮೂರು ನೆಲದ ಮೇಲೆ ಮುಕ್ಕಾಲಿಯಂತೆ ಊರಿರುತ್ತವೆ. ಆರು ಮಕ್ಕಳನ್ನು ಮೂರು ಮೂರರ ಎರಡು ಸಾಲಾಗಿ ನಿಲ್ಲಿಸಿ, ಎರಡೇಟಿನ ತಾಳ ಹಾಕಿ, ಮೊದಲ ಏಟಿಗೆ ಒಂದು ಮುಕ್ಕಾಲಿಯ ಮೂವರು, ಎರಡನೆಯದಕ್ಕೆ ಇನ್ನೊಂದು ಮುಕ್ಕಾಲಿಯ ಮೂವರು ಹೆಜ್ಜೆ ಇಡುವಂತೆ ಮಾಡಿ. ಮೊದಲೆರಡು ಸುತ್ತು ಗೊಂದಲವಾಗುತ್ತದೆ, ನಾಲ್ಕನೆಯ ಸುತ್ತಿಗೆ ಇರುವೆ ನಡೆಯುತ್ತದೆ.

ಹಂತ 6: ರೂಪಾಂತರವನ್ನು ದಿನಚರಿಯಾಗಿ ದಾಖಲಿಸುವುದು

ಮೊಟ್ಟೆ ಸುಮಾರು ಮೂರು ನಾಲ್ಕು ದಿನಕ್ಕೆ ಒಡೆಯುತ್ತದೆ, ಹುಳು ಎರಡು ವಾರದ ಆಸುಪಾಸು ತಿನ್ನುತ್ತದೆ, ಕೋಶದಲ್ಲಿ ಒಂದೂವರೆ ವಾರ ಕಳೆಯುತ್ತದೆ. ಹವೆ ತಂಪಾದರೆ ಎಲ್ಲವೂ ನಿಧಾನ. ಎಲೆಯ ಕಡ್ಡಿಯನ್ನು ನೀರು ತುಂಬಿದ ಸಣ್ಣ ಸೀಸೆಯಲ್ಲಿಟ್ಟರೆ ಎಲೆ ಬಾಡುವುದಿಲ್ಲ, ಆದರೆ ಸೀಸೆಯ ಬಾಯಿಯನ್ನು ಹತ್ತಿಯಿಂದ ಮುಚ್ಚಲೇಬೇಕು, ಇಲ್ಲವಾದರೆ ಹುಳು ಕಡ್ಡಿಯ ಗುಂಟ ಇಳಿದು ನೀರಿನಲ್ಲಿ ಮುಳುಗುತ್ತದೆ. ಹಿಕ್ಕೆಯನ್ನು ದಿನವೂ ಒರೆಸಿ ತೆಗೆಯಿರಿ. ಡಬ್ಬಿಯನ್ನು ಬಿಸಿಲಿಗಿಡಬೇಡಿ.

ಹುಳು ಒಂದು ದಿನ ಅಲುಗಾಡದೆ ಕುಳಿತರೆ ಹೆದರಬೇಡಿ, ಅದು ಪೊರೆ ಕಳಚುವ ಸಿದ್ಧತೆ. ರಾಮನಗರ, ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವವರು ಇದನ್ನೇ ಹುಳುವಿಗೆ "ಜ್ವರ" ಬಂತು ಎನ್ನುತ್ತಾರೆ. ರೇಷ್ಮೆಹುಳು ಹೀಗೆ ನಾಲ್ಕು ಜ್ವರ ದಾಟಿ, ಹಣ್ಣಾಗಿ (ಅಂದರೆ ಪೂರ್ತಿ ಬೆಳೆದು), ಗೂಡು ಕಟ್ಟಲೆಂದೇ ಇಡುವ ಬಿದಿರಿನ ಚಂದ್ರಿಕೆಯ ಮೇಲೆ ಏರಿ ಗೂಡು ಕಟ್ಟುತ್ತದೆ. ಆ ಸೀಮೆಯ ಶಾಲೆಯಾದರೆ ಕರಿಬೇವಿನ ಹುಳುವಿಗಿಂತ ರೇಷ್ಮೆಹುಳುವೇ ಒಳ್ಳೆಯ ಆಯ್ಕೆ, ಏಕೆಂದರೆ ಅದರ ಶಬ್ದಕೋಶ ಮಕ್ಕಳ ಮನೆಯಲ್ಲೇ ಇದೆ. ನೂಲು ತೆಗೆಯಲು ಗೂಡಿನೊಳಗಿನ ಜೀವವನ್ನು ಬಿಸಿಯಿಂದ ಕೊಲ್ಲುತ್ತಾರೆಂಬುದನ್ನು ಮಗು ಕೇಳಿದರೆ ಮುಚ್ಚಿಡದೆ ಹೇಳಿ, ಕೇಳದಿದ್ದರೆ ನೀವಾಗಿ ಎತ್ತಬೇಡಿ.

ಒಂದು ಪದದ ತಪ್ಪನ್ನು ಇಲ್ಲೇ ತಿದ್ದಿ. ರೇಷ್ಮೆ ಪತಂಗದ ಹುಳು ಮೈಸುತ್ತ ನೂಲು ಸುತ್ತಿ ಗೂಡು ಕಟ್ಟುತ್ತದೆ. ನಮ್ಮ ನಿಂಬೆ ಚಿಟ್ಟೆ ಗೂಡು ಕಟ್ಟುವುದಿಲ್ಲ, ಅದರ ಮೈಯೇ ಕೋಶವಾಗುತ್ತದೆ. ನಡುವಿಗೆ ಒಂದೇ ಒಂದು ನೂಲಿನ ಪಟ್ಟಿ ಕಟ್ಟಿಕೊಂಡು, ತೆಂಗಿನಮರ ಹತ್ತುವವನು ಸೊಂಟಕ್ಕೆ ಹಗ್ಗ ಬಿಗಿದು ಹಿಂದಕ್ಕೆ ಒರಗಿದಂತೆ ಕಡ್ಡಿಗೆ ಒರಗಿರುತ್ತದೆ. ಕೋಶವಾಗುವ ಹಿಂದಿನ ದಿನ ಹುಳು ತಿನ್ನುವುದನ್ನು ಬಿಟ್ಟು, ನೀರುನೀರಾದ ಹಿಕ್ಕೆ ಹಾಕಿ, ಡಬ್ಬಿಯ ಸುತ್ತ ಗೊತ್ತುಗುರಿಯಿಲ್ಲದೆ ಅಲೆಯುತ್ತದೆ. ಆಗ ಒಂದು ಒರಟಾದ ಕಡ್ಡಿಯನ್ನು ಓರೆಯಾಗಿ ನಿಲ್ಲಿಸಿಬಿಡಿ.

ಈಗ ಎಚ್ಚರದ ಚಿಹ್ನೆಗಳು. ಕೋಶ ಹಸಿರಾಗಿಯೂ ಇರಬಹುದು, ಕಂದಾಗಿಯೂ ಇರಬಹುದು, ಅದರಿಂದ ಗಾಬರಿ ಬೇಡ. ಕೋಶದ ಸಿಪ್ಪೆ ತೆಳುವಾಗಿ ಒಳಗಿನ ರೆಕ್ಕೆಯ ಕಪ್ಪು ಹಳದಿ ಚಿತ್ತಾರ ಕಾಣತೊಡಗಿದರೆ ಒಂದು ದಿನದೊಳಗೆ ಚಿಟ್ಟೆ ಹೊರಬರುತ್ತದೆ. ಸಾಮಾನ್ಯವಾಗಿ ಬೆಳಗಿನ ಹೊತ್ತು, ಆದ್ದರಿಂದ ಮಕ್ಕಳನ್ನು ಬೇಗ ಕರೆಸಿ. ಅದರ ಬದಲು ಕೋಶ ಪೂರ್ತಿ ಕಪ್ಪಾಗಿ ಮೆತ್ತಗಾದರೆ ಅದು ಸತ್ತಿದೆ. ಕೋಶದಲ್ಲಿ ಸಣ್ಣ ದುಂಡು ತೂತು ಕಂಡರೆ ಒಳಗಿನಿಂದ ಚಿಟ್ಟೆಯ ಬದಲು ಸಣ್ಣ ಕಣಜಗಳು ಹೊರಬಂದಿವೆ ಎಂದರ್ಥ. ಅವು ಹುಳುವಿನಲ್ಲೋ ಕೋಶದಲ್ಲೋ ಮೊಟ್ಟೆಯಿಟ್ಟು ಅದನ್ನೇ ತಿಂದು ಬೆಳೆಯುವ ಪರಜೀವಿಗಳು. ಪಾಠ ಕೆಟ್ಟಿತೆಂದು ಡಬ್ಬಿಯನ್ನು ಎಸೆಯಬೇಡಿ. ಆ ತೂತಿನ ಕೋಶವನ್ನೂ ಬರೆಸಿ. ಗಿಡಗಳೆಲ್ಲ ಚಿಟ್ಟೆಯ ಹುಳುಗಳಿಂದ ಬೋಳಾಗದಿರುವುದಕ್ಕೆ ಒಂದು ಕಾರಣ ಆ ತೂತಿನಲ್ಲಿದೆ.

ಹೊರಬಂದ ಚಿಟ್ಟೆಯ ರೆಕ್ಕೆಗಳು ಒದ್ದೆ ಬಟ್ಟೆಯಂತೆ ಮುದುಡಿರುತ್ತವೆ. ಅದು ತಲೆ ಮೇಲಾಗಿ ನೇತಾಡುತ್ತ ರೆಕ್ಕೆಗಳಿಗೆ ರಸ ತುಂಬಿಕೊಂಡು, ಒಣಗಿಸಿಕೊಳ್ಳಲು ಒಂದೆರಡು ಗಂಟೆ ಬೇಕು. ಕೋಶದಿಂದ ಹೊರಬರಲು ಒದ್ದಾಡುವುದನ್ನು ನೋಡಲಾರದೆ ಯಾರಾದರೂ ಕೈಯಿಂದ ಸಿಪ್ಪೆ ಬಿಡಿಸಿದರೆ ರೆಕ್ಕೆ ಸೊಟ್ಟಗಾಗಿ ಅದು ಹಾರಲಾರದೆ ಹೋಗಬಹುದು. ಅದೇ ದಿನ, ಮಳೆಯಿಲ್ಲದ ಹೊತ್ತಿನಲ್ಲಿ, ಕರಿಬೇವಿನ ಗಿಡದ ಬಳಿ ಬಿಟ್ಟುಬಿಡಿ.

ಹಂತ 7: ಕಥೆ ಕಟ್ಟಿಸುವುದು

ಚಿಟ್ಟೆ ಹಾರಿದ ಮಾರನೆಯ ದಿನ ಕಥೆಗೆ ಒಳ್ಳೆಯ ದಿನ. ಈಗ ಮಗುವಿನ ಬಳಿ ಹದಿನೈದು ಇಪ್ಪತ್ತು ಚಿತ್ರಗಳಿವೆ, ಅಳತೆಗಳಿವೆ, ಒಂದೆರಡು ದುಃಖಗಳೂ ಇವೆ. ನೀವು ಒಂದೇ ಒಂದು ನಿಯಮ ಹಾಕಿ: ಕಥೆಯಲ್ಲಿ ಹುಳು ಮಾತಾಡಬಹುದು, ಹಾಡಬಹುದು, ಕನಸು ಕಾಣಬಹುದು, ಆದರೆ ಅದರ ಮೈ, ಅದರ ಊಟ, ಅದರ ವೈರಿ ನಿಜವಾಗಿರಬೇಕು. ಕರಿಬೇವಿನ ಹುಳು ದೋಸೆ ತಿನ್ನುವಂತಿಲ್ಲ. ಕೋಶದಲ್ಲಿರುವಾಗ ಎದ್ದು ತಿರುಗಾಡುವಂತಿಲ್ಲ.

ಆರಂಭಿಸಲು ತಿಳಿಯದ ಮಗುವಿಗೆ ಚಿತ್ರಗಳನ್ನು ನೆಲದ ಮೇಲೆ ದಿನಾಂಕದ ಪ್ರಕಾರ ಹರಡಿಕೊಂಡು ಕೂರಲು ಹೇಳಿ, ಮತ್ತೆ ಮೂರು ಪ್ರಶ್ನೆ ಕೇಳಿ: ಈ ದಿನ ಅದಕ್ಕೆ ಏನು ಬೇಕಿತ್ತು, ಯಾರ ಭಯವಿತ್ತು, ತಪ್ಪಿಸಿಕೊಳ್ಳಲು ಅದರ ಮೈಯಲ್ಲಿ ಏನಿತ್ತು? ಏಳು ವರ್ಷದ ಹುಡುಗಿಯೊಬ್ಬಳು ಹೀಗೆ ಕೂತು ಬರೆದ ಕಥೆ ನಾಲ್ಕೇ ಸಾಲಿನದು: "ನಾನು ಹಕ್ಕಿ ಹಿಕ್ಕೆ. ನನ್ನನ್ನು ಯಾರೂ ತಿನ್ನಲ್ಲ. ನಿನ್ನೆ ಅಂಗಿ ಬಿಚ್ಚಿದೆ, ಒಳಗೆ ಹಸಿರು ಅಂಗಿ ಇತ್ತು. ಇವತ್ತಿಂದ ನಾನು ಎಲೆ." ಬಣ್ಣ ಮರೆಸಿಕೊಂಡು ಬದುಕುವುದರ ಬಗ್ಗೆ ಒಂದು ಗಂಟೆ ಪಾಠ ಮಾಡಿದ್ದರೂ ಇಷ್ಟು ಸ್ಪಷ್ಟವಾಗಿ ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ದೊಡ್ಡವರು ಇಲ್ಲಿ ಮಾಡುವ ಮುಖ್ಯ ತಪ್ಪು ಕಥೆಯ ಕೊನೆಗೆ ನೀತಿ ಬೇಕೆಂದು ಒತ್ತಾಯಿಸುವುದು. ಇರುವೆ ದುಡಿಯುತ್ತದೆ, ಆದ್ದರಿಂದ ನೀನೂ ದುಡಿ ಎಂದ ಕೂಡಲೇ ಇರುವೆ ಮಾಯವಾಗಿ ಮನುಷ್ಯನೊಬ್ಬ ಬಂದು ನಿಲ್ಲುತ್ತಾನೆ. ಎರಡನೆಯ ತಪ್ಪು ನಮ್ಮ ವ್ಯಾಕರಣದೊಳಗೇ ಅಡಗಿದೆ. ಹುಳುವನ್ನು ನಾವು "ಅದು" ಎನ್ನುತ್ತೇವೆ. ಕಥೆಯಲ್ಲಿ ಅದಕ್ಕೆ ಜೀವ ಬಂದ ತಕ್ಷಣ "ಅವನು" ಎಂದಾಗುತ್ತದೆ. ಆದರೆ ಹೂವಿನಿಂದ ಹೂವಿಗೆ ಹಾರಿ ಮಕರಂದ ತರುವ ಜೇನುಹುಳುಗಳೆಲ್ಲ ಹೆಣ್ಣು, ಕೆಲಸಗಾರ ಇರುವೆಗಳೂ ಹೆಣ್ಣು, ನಮ್ಮ ರಕ್ತ ಹೀರುವ ಸೊಳ್ಳೆಯೂ ಹೆಣ್ಣೇ. "ಜೇನು ಮುಂಜಾನೆ ಕೆಲಸಕ್ಕೆ ಹೊರಟಳು" ಎಂದು ಬರೆಸಿ ನೋಡಿ. ತರಗತಿಯ ಹೆಣ್ಣುಮಕ್ಕಳ ಮುಖ ಬೆಳಗುತ್ತದೆ.

ಎಲ್ಲ ಕೀಟವನ್ನೂ ಗೆಳೆಯನನ್ನಾಗಿ ಮಾಡುವ ಅಗತ್ಯವೂ ಇಲ್ಲ. ಸೊಳ್ಳೆಯ ಕಥೆಯನ್ನು ಸೊಳ್ಳೆಯ ಬಾಯಿಂದಲೇ ಹೇಳಿಸಿ: ಅದಕ್ಕೆ ನಿಂತ ನೀರು ಬೇಕು, ಒಂದು ವಾರದ ಸಮಯ ಬೇಕು, ಯಾರೂ ತೊಟ್ಟಿ ತೊಳೆಯಬಾರದು. ಹೀಗೆ ಕಥೆ ಬರೆದ ಮಕ್ಕಳು ಮನೆಗೆ ಹೋಗಿ ಹೂಕುಂಡದ ತಟ್ಟೆಯ ನೀರನ್ನು ಚೆಲ್ಲಿದ್ದನ್ನು ಕಂಡಿದ್ದೇನೆ.

ನಮ್ಮಲ್ಲೇ ಇರುವ ಹಳೆಯ ಮಾತುಗಳನ್ನು ಕಥೆಯ ಬೀಜವಾಗಿ ಬಳಸಿಕೊಳ್ಳಿ. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಿತು ಎಂಬ ಗಾದೆಯನ್ನು ಕೊಟ್ಟು, ಕಟ್ಟಿದವರು ಯಾರು, ಹೇಗೆ ಕಟ್ಟಿದರು ಎಂದು ಗೆದ್ದಲಿನ ಕಡೆಯಿಂದ ಬರೆಯಲು ಹೇಳಬಹುದು. ಚಗಳಿ ಇರುವೆಯ ಗೂಡು ಇನ್ನೂ ಸ್ವಾರಸ್ಯದ್ದು: ದೊಡ್ಡ ಇರುವೆಗಳು ಸಾಲಾಗಿ ನಿಂತು ಎಲೆಗಳ ಅಂಚನ್ನು ಎಳೆದು ಹಿಡಿದರೆ, ಇನ್ನು ಕೆಲವು ತಮ್ಮ ಮರಿಗಳನ್ನು ಬಾಯಲ್ಲಿ ಹಿಡಿದು ಮಗ್ಗದ ಲಾಳಿಯಂತೆ ಅತ್ತಿತ್ತ ಆಡಿಸುತ್ತವೆ, ನೂಲು ಬರುವುದು ಮರಿಯ ಬಾಯಿಂದ. ಮನೆಕಟ್ಟುವ ಕೆಲಸದಲ್ಲಿ ಮಗುವೇ ಸೂಜಿದಾರವಾದ ಕಥೆ ಇದು. ಕಲ್ಪನೆಯ ಒಗ್ಗರಣೆಯೇ ಬೇಕಿಲ್ಲ.

ಭ್ರಮರ ಕೀಟ ನ್ಯಾಯವೂ ಹಾಗೆಯೇ. ಕಣಜವು ಹುಳುವೊಂದನ್ನು ಮಣ್ಣಿನ ಗೂಡಿನಲ್ಲಿಟ್ಟು ಗುಂಯ್‌ಗುಟ್ಟುತ್ತಿದ್ದರೆ ಹುಳು ಅದನ್ನೇ ಧ್ಯಾನಿಸಿ ತಾನೂ ಕಣಜವಾಗುತ್ತದೆ ಎಂಬುದು ಹಿರಿಯರ ಮಾತು. ಹುಳು ಒಳಗೆ ಹೋದದ್ದನ್ನೂ ಕಣಜ ಹೊರಬಂದದ್ದನ್ನೂ ಅವರು ಸರಿಯಾಗಿಯೇ ನೋಡಿದ್ದರು. ಮುಚ್ಚಿದ ಗೂಡಿನೊಳಗೆ ನಡೆದದ್ದನ್ನು ಮಾತ್ರ ಊಹಿಸಿದರು. ಅಲ್ಲಿ ಕಣಜ ತನ್ನ ಮೊಟ್ಟೆಯನ್ನೂ ಇಟ್ಟಿರುತ್ತದೆ, ಕುಟುಕಿ ನಿಶ್ಚಲಗೊಳಿಸಿದ ಹುಳು ಹುಟ್ಟುವ ಮರಿಗೆ ಬುತ್ತಿ. ಒಂಬತ್ತು ಹತ್ತು ವರ್ಷದ ಮಕ್ಕಳಿಗೆ ಮೊದಲು ಹಿರಿಯರ ಕಥೆಯನ್ನು ಗೌರವದಿಂದ ಹೇಳಿ, ಗೂಡಿನ ಒಳಗೆ ಏನಾಗಿರಬಹುದೆಂದು ಅವರವರ ಊಹೆಯನ್ನು ಬರೆಸಿ, ಆಮೇಲೆ ಗೋಡೆಯ ಮೇಲಿನ ಹಳೆಯ ಖಾಲಿ ಗೂಡೊಂದನ್ನು ಬಿಡಿಸಿ ಒಳಗಿನ ಸಿಪ್ಪೆಗಳನ್ನು ಭೂತಗನ್ನಡಿಯಲ್ಲಿ ತೋರಿಸಿ.

ಹಂತ 8: ಆಡಿಸಿ ತೋರಿಸುವುದು

ಕರೆಯೋಲೆಯ ದಪ್ಪ ಕಾಗದದಲ್ಲಿ ಕೀಟದ ಆಕಾರ ಕತ್ತರಿಸಿ, ಕಾಲುಗಳನ್ನು ದಾರದ ಗಂಟಿನಿಂದ ಜೋಡಿಸಿ, ಬಿಳಿ ಪಂಚೆಯ ಹಿಂದೆ ದೀಪವಿಟ್ಟು ತೊಗಲುಗೊಂಬೆಯಂತೆ ಆಡಿಸಿ. ನೆರಳಿನಲ್ಲಿ ಬಣ್ಣ ಕಾಣುವುದಿಲ್ಲ, ಆಕಾರವೊಂದೇ ಕಾಣುತ್ತದೆ, ಆದ್ದರಿಂದ ಕಾಲನ್ನು ತಪ್ಪು ಜಾಗದಲ್ಲಿ ಕಟ್ಟಿದ್ದರೆ ನೋಡುವ ಮಕ್ಕಳೇ ಕೂಗಿ ಹೇಳುತ್ತಾರೆ. ಪರದೆಗೆ ಬೆಂಕಿಯ ದೀಪ ಬೇಡ, ಟಾರ್ಚ್ ಸಾಕು.

ಹಂತ 9: ಕಲಿತರೋ ಇಲ್ಲವೋ ಎಂದು ತಿಳಿಯುವುದು

ಪ್ರಶ್ನೋತ್ತರ ಪರೀಕ್ಷೆ ಬೇಡ. ಎರಡು ವಾರ ಬಿಟ್ಟು, ಹುಳುವಾಗಲಿ ಹಳೆಯ ಚಿತ್ರವಾಗಲಿ ಎದುರಿಗಿಲ್ಲದೆ, ಒಂದು ಕೀಟವನ್ನು ನೆನಪಿನಿಂದ ಬರೆಯಲು ಹೇಳಿ. ಮೊದಲ ದಿನದ ಚಿತ್ರದ ಪಕ್ಕದಲ್ಲಿಟ್ಟು ಮಗುವೇ ಹೋಲಿಸಲಿ. ಕಾಲು ಇನ್ನೂ ಹೊಟ್ಟೆಯಿಂದಲೇ ಹೊರಟಿದ್ದರೆ ಹಂತ 5ಕ್ಕೆ ಮರಳಿ, ಮಣ್ಣಿನಲ್ಲಿ ಇನ್ನೊಮ್ಮೆ ಮಾಡಿಸಿ. ನಗುಮುಖ ಮರಳಿ ಬಂದಿದ್ದರೆ ಹಂತ 4ರ ಕ್ರಮ ತಪ್ಪಿದೆ. ಬಿಸ್ಕತ್ತಿನ ಪೊಟ್ಟಣದ ಮೇಲೋ ಗೋಡೆಯ ಮೇಲೋ ಇರುವ ಯಾವುದಾದರೂ ವ್ಯಂಗ್ಯಚಿತ್ರದ ಜೇನುಹುಳುವನ್ನು ತೋರಿಸಿ ತಪ್ಪು ಹುಡುಕಲು ಹೇಳಿದರೆ ಮಕ್ಕಳು ಅರ್ಧ ಗಂಟೆ ಅಲುಗಾಡುವುದಿಲ್ಲ.

ಕೊನೆಯದಾಗಿ, ಹೇಳಿಕೊಡದೇ ಇದ್ದ ಒಂದು ಜೀವಿಯನ್ನು ಎದುರಿಗಿಡಿ. ನಾನು ಸಾಮಾನ್ಯವಾಗಿ ಗೋಡೆಯ ಮೂಲೆಯ ಜೇಡವನ್ನು ತೋರಿಸಿ ಸುಮ್ಮನೆ ನಿಲ್ಲುತ್ತೇನೆ. ಮೊದಲ ವಾರದಲ್ಲಾದರೆ ಎಲ್ಲರೂ ಒಟ್ಟಿಗೆ "ಕೀಟ" ಎಂದು ಕೂಗುತ್ತಿದ್ದರು. ಈಗ ಒಬ್ಬರೂ ಬಾಯಿ ತೆರೆಯುವುದಿಲ್ಲ. ಹತ್ತಿರ ಹೋಗುತ್ತಾರೆ, ತುಟಿಯಲ್ಲೇ ಎಣಿಸುತ್ತಾರೆ, ಎಂಟಕ್ಕೆ ನಿಲ್ಲುತ್ತಾರೆ, ಮೈಯಲ್ಲಿ ಎರಡೇ ಭಾಗವಿರುವುದನ್ನು ಕಂಡು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ, ಆಮೇಲೆ ಪೆನ್ಸಿಲ್ ಕೇಳುತ್ತಾರೆ.